ಅಪ್ಪ ಸಾಕಿದ ಮರಿ: ಇಟ್ಟುಕೊಳ್ಳೋದಾ, ಮಾರೋದಾ?

ಪ್ರಶ್ನೆ: ನಮ್ಮದು ಹುಣಸೂರು ಕಡೆ ಮೂರೂವರೆ ಎಕರೆ ತೋಟ. ಎರಡು ಹಸು ಇವೆ. ಅಪ್ಪನಿಗೆ ಕುದುರೆ ಅಂದರೆ ಪ್ರಾಣ. ಆರು ವರ್ಷದ ಹಿಂದೆ ಅಂತಿಯೂರು ಜಾತ್ರೆಯಿಂದ ಒಂದು ಹೆಣ್ಣು ಕುದುರೆ ತಂದಿದ್ದರು. ಮಾರ್ವಾಡಿ ಬೆರಕೆ, ಈಗ ಒಂಬತ್ತು ವರ್ಷ, ತುಂಬಾ ಸಾಧು. ಅದಕ್ಕೆ ಹುಟ್ಟಿದ ಗಂಡು ಮರಿಗೆ ಈಗ 22 ತಿಂಗಳು. ಕಪ್ಪು ಮೈ, ಮುಖದ ಮೇಲೆ ಬಿಳಿ ಪಟ್ಟೆ, ನಾಲ್ಕು ಕಾಲೂ ಬಿಳಿ. ಹೋದ ವರ್ಷ ಅಪ್ಪ ತೀರಿಕೊಂಡರು. ನಾನು ಕೆಲಸಕ್ಕೆ ದಿನಾ ಮೈಸೂರಿಗೆ ಹೋಗಿ ಬರುತ್ತೇನೆ. ಮರಿ ಈಗ ಕಚ್ಚುತ್ತದೆ, ಮುಂಗಾಲೆತ್ತಿ ನಿಲ್ಲುತ್ತದೆ. ತಾಯಿ ಜೊತೆಗೇ ಬಿಟ್ಟಿದ್ದೇವೆ. ನೇಪಿಯರ್ ಹುಲ್ಲು, ಗೋಧಿ ಬೂಸಾ, ಹುರುಳಿ ಕೊಡುತ್ತೇವೆ. ಈಚೆಗೆ ಬೆಳಿಗ್ಗೆ ಹೊತ್ತು ಸ್ವಲ್ಪ ಬಿಗಿಯಾಗಿ ನಡೆಯುತ್ತದೆ. ಮದುವೆ ಮೆರವಣಿಗೆಗೆ ಕುದುರೆ ಬಿಡುವವರೊಬ್ಬರು 1.80 ಲಕ್ಷ ಕೊಡುತ್ತೇನೆ ಎನ್ನುತ್ತಾರೆ. ಸವಾರಿ ಕಲಿಸುವ ಪರಿಚಯದವರೊಬ್ಬರು 1.10 ಲಕ್ಷ ಎನ್ನುತ್ತಾರೆ. 11 ವರ್ಷದ ಮಗಳು ಮಾರಬೇಡ ಅಂತ ಅಳುತ್ತಾಳೆ, ಇದರ ಮೇಲೇ ಸವಾರಿ ಕಲಿಯುತ್ತಾಳಂತೆ. ಪಕ್ಕದ ತೋಟದವರು ಕಣ್ಣಿನ ಕೆಳಗೆ ಸುಳಿ ಇದೆ, ಇಟ್ಟುಕೊಳ್ಳಬೇಡಿ ಎನ್ನುತ್ತಾರೆ. ಏನು ಮಾಡಲಿ?

ಉತ್ತರ:

ಮಾರುವ ಮಾತು ಆಮೇಲೆ. ಮೊದಲು ಇವತ್ತು ಸಂಜೆಯೊಳಗೆ ಮರಿಯನ್ನು ತಾಯಿಯಿಂದ ಬೇರೆ ಮಾಡಿ.

ನಿಮ್ಮ ಪತ್ರದಲ್ಲಿ ನನಗೆ ದಿಗಿಲು ಹುಟ್ಟಿಸಿದ್ದು ಕಚ್ಚುವ ವಿಷಯವಲ್ಲ, 'ತಾಯಿ ಜೊತೆಗೇ ಬಿಟ್ಟಿದ್ದೇವೆ' ಅನ್ನುವ ಮೂರು ಪದ. ಗಂಡು ಮರಿಗೆ ಒಂದೂವರೆ ವರ್ಷ ಆಗುವ ಹೊತ್ತಿಗೆ ಬೀಜ ಕೆಲಸ ಶುರು ಮಾಡಿರುತ್ತದೆ. ಕೆಲವಕ್ಕೆ ಅದಕ್ಕೂ ಮೊದಲೇ. ನಮಗೆ ಅದು ಇನ್ನೂ ಮರಿ. ಅದಕ್ಕೆ ಹಾಗಿಲ್ಲ. ತಾಯಿ, ಮಗ ಅನ್ನುವ ನಮ್ಮ ಲೆಕ್ಕ ಕುದುರೆಗಳಿಗೆ ಇಲ್ಲ. ಹೆಣ್ಣು ಕುದುರೆ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ನಿಮ್ಮ ಕುದುರೆ ಈಗಾಗಲೇ ಗಬ್ಬ ಆಗಿರಬಹುದು.

ಹಾಗಾಗಿ ಈ ವಾರವೇ ಪಶುವೈದ್ಯರನ್ನು ಕರೆಸಿ ತಾಯಿಯನ್ನು ಪರೀಕ್ಷೆ ಮಾಡಿಸಿ. ಸ್ಕ್ಯಾನಿಂಗ್ ಯಂತ್ರ ಇದ್ದರೆ ಎರಡು ವಾರದ ಗಬ್ಬವೂ ಕಾಣುತ್ತದೆ. ಯಾಕೆ ಇಷ್ಟು ಅವಸರ ಅಂದರೆ, ಗಬ್ಬ ಕಟ್ಟಿ ಸುಮಾರು 35 ದಿನದೊಳಗಿದ್ದರೆ ವೈದ್ಯರು ಒಂದೆರಡು ಇಂಜೆಕ್ಷನ್‌ನಲ್ಲಿ ಇಳಿಸಬಹುದು. ಅದು ದಾಟಿದರೆ ಕೆಲಸ ಕಷ್ಟ, ಕುದುರೆಗೂ ಕಷ್ಟ. ಇಲ್ಲವಾದರೆ 11 ತಿಂಗಳು ಕಾದು ಇನ್ನೊಂದು ಮರಿ ಸಾಕಬೇಕು. ಒಂದು ಮರಿಯನ್ನೇ ಏನು ಮಾಡಲಿ ಅಂತ ಕೇಳುತ್ತಿರುವವರಿಗೆ ಅದು ಬೇಕಾ?

ಬೇರೆ ಮಾಡುವುದು ಅಂದರೆ ನಡುವೆ ಒಂದು ತಂತಿ ಎಳೆಯುವುದಲ್ಲ. ಮುಳ್ಳುತಂತಿಯಂತೂ ಬೇಡವೇ ಬೇಡ. ತಾಯಿ ಇರುವ ಕಡೆಗೆ ಹೋಗಲು ಮರಿ ಎದೆ ಸೀಳಿಕೊಂಡಾದರೂ ನುಗ್ಗುತ್ತದೆ. ಮರದ ಗಳ ಅಡ್ಡ ಕಟ್ಟಿ, ನಾಲ್ಕೂವರೆ ಅಡಿ ಎತ್ತರಕ್ಕೆ, ಎರಡು ಬೇಲಿಯ ನಡುವೆ ಜಾಗ ಬಿಟ್ಟು. ಮರಿಯ ಪಕ್ಕಕ್ಕೆ ನಿಮ್ಮ ಹಸುಗಳಲ್ಲಿ ಒಂದನ್ನು ಕಟ್ಟಿ. ಕುದುರೆ ಒಂಟಿಯಾಗಿ ಇರುವ ಪ್ರಾಣಿಯಲ್ಲ. ಹಸು ಆದರೂ ಸರಿ, ಯಾರಾದರೂ ಜೊತೆಗಿರಬೇಕು. ಎರಡು ಮೂರು ರಾತ್ರಿ ಕೂಗುತ್ತದೆ. ಮಗಳಿಗೆ ಮೊದಲೇ ಹೇಳಿಡಿ.

ಇನ್ನು ಆ ಬಿಗಿ ನಡಿಗೆ. ಇದನ್ನೂ ಮುಂದೂಡಬೇಡಿ.

ನೇಪಿಯರ್ ಹಸುವಿಗೆ ಒಳ್ಳೆಯ ಮೇವು. ಆದರೆ ಅದರಲ್ಲಿ ಆಕ್ಸಲೇಟ್ ಅನ್ನುವ ಅಂಶ ಇರುತ್ತದೆ. ಅದು ಮೇವಿನ ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಕಟ್ಟಿಹಾಕುತ್ತದೆ. ಹಸುವಿನ ಹೊಟ್ಟೆ ಅದನ್ನು ಬಹುಮಟ್ಟಿಗೆ ಸಂಭಾಳಿಸುತ್ತದೆ, ಕುದುರೆಯದ್ದು ಹಾಗಲ್ಲ. ಅದರ ಮೇಲೆ ಬೂಸಾ ಬೇರೆ. ಗೋಧಿ ಬೂಸಾದಲ್ಲಿ ರಂಜಕ ವಿಪರೀತ, ಕ್ಯಾಲ್ಸಿಯಂ ಬಲು ಕಡಿಮೆ. ಬೆಳೆಯುವ ಮರಿಗೆ ಬೇಕಾದ್ದು ಇದರ ಉಲ್ಟಾ: ರಂಜಕ ಒಂದು ಪಾಲಿದ್ದರೆ ಕ್ಯಾಲ್ಸಿಯಂ ಒಂದೂವರೆ ಎರಡು ಪಾಲು. ಮೇವಿನಲ್ಲಿ ಸಿಗದಿದ್ದಾಗ ಮೈ ಸುಮ್ನೆ ಇರುವುದಿಲ್ಲ, ಎಲುಬಿನಿಂದಲೇ ಕ್ಯಾಲ್ಸಿಯಂ ತೆಗೆಯಲು ಶುರು ಮಾಡುತ್ತದೆ. ಮೊದಲು ಬಿಗಿ ನಡಿಗೆ. ಆಮೇಲೆ ಇವತ್ತು ಈ ಕಾಲು, ನಾಳೆ ಆ ಕಾಲು ಕುಂಟುವುದು. ತೀರಾ ಮುಂದುವರಿದರೆ ಕೆನ್ನೆಯ ಮೇಲಿನ ಮೂಳೆ ಊದಿ ಮುಖ ದಪ್ಪಗೆ ಕಾಣುತ್ತದೆ. ಹಳ್ಳಿಗಳಲ್ಲಿ ಪ್ರೀತಿಯಿಂದ ಬೂಸಾ ತಿನ್ನಿಸಿ ತಿನ್ನಿಸಿ ಹೀಗಾದ ಮರಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. 'ಹೊಟ್ಟೆ ತುಂಬಾ ಹಾಕ್ತೀವಿ ಸಾರ್, ಆದ್ರೂ ಕುಂಟುತ್ತೆ' ಅನ್ನುತ್ತಾರೆ. ಹೊಟ್ಟೆ ತುಂಬಿರುತ್ತದೆ, ಎಲುಬು ಹಸಿದಿರುತ್ತದೆ.

ಬೂಸಾವನ್ನು ಒಂದು ಹಿಡಿಗೆ ಇಳಿಸಿ, ಒಂದೆರಡು ವಾರದಲ್ಲಿ ಪೂರ್ತಿ ಬಿಡಿಸಿ. ನೇಪಿಯರ್ ಅರ್ಧ ಮಾಡಿ. ಆ ಜಾಗಕ್ಕೆ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್. ಹೆಸರಲ್ಲೇ ಕುದುರೆ ಇದೆ ನೋಡಿ, ಹಿಂದಿನವರು ಸುಮ್ನೆ ಇಟ್ಟಿಲ್ಲ. ಜೊತೆಗೆ ಒಣಗಿದ ಹುಲ್ಲು. ರಾಗಿ ಹುಲ್ಲು ಪರವಾಗಿಲ್ಲ, ಭತ್ತದ ಹುಲ್ಲು ಬೇಡ. ಹುರುಳಿಯನ್ನು ನೆನೆಸಿ ಬೇಯಿಸಿ ಕೊಡುತ್ತಿದ್ದರೆ ಮುಂದುವರಿಸಿ, ಆದರೆ ಸೇರುಗಟ್ಟಲೆ ಬೇಡ. ಖನಿಜದ ಪುಡಿ ಎಷ್ಟು ಅಂತ ವೈದ್ಯರನ್ನೇ ಕೇಳಿ. ಮೇವನ್ನು ಒಂದೇ ದಿನಕ್ಕೆ ಬದಲಿಸಬೇಡಿ. ಹತ್ತು ದಿನ ತೆಗೆದುಕೊಳ್ಳಿ, ಇಲ್ಲದಿದ್ದರೆ ಹೊಟ್ಟೆನೋವು ಬರುತ್ತದೆ. ಕುದುರೆಗೆ ಹೊಟ್ಟೆನೋವು ಅಂದರೆ ಹುಡುಗಾಟವಲ್ಲ. ಅದಕ್ಕೆ ವಾಂತಿ ಮಾಡಲು ಆಗುವುದಿಲ್ಲ. ಒಳಗೆ ಕಟ್ಟಿದ್ದು ಅಲ್ಲೇ ಕಟ್ಟುತ್ತದೆ.

ಎಷ್ಟು ಮೇವು ಬೇಕು ಅಂತ ಲೆಕ್ಕ ಹಾಕಲು ತೂಕ ಗೊತ್ತಿರಬೇಕು. ತಕ್ಕಡಿ ಬೇಡ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆದುಕೊಳ್ಳಿ. ಎದೆಯ ಮುಂತುದಿಯಿಂದ ಪೃಷ್ಠದ ಹಿಂತುದಿವರೆಗೆ ಉದ್ದ ತೆಗೆದುಕೊಳ್ಳಿ. ಎರಡೂ ಸೆಂಟಿಮೀಟರ್‌ನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 158, ಉದ್ದ 140 ಇದ್ದರೆ ಸುಮಾರು 294 ಕೆ.ಜಿ. ಎಳೆಯ ಕುದುರೆಯಲ್ಲಿ ಸ್ವಲ್ಪ ಆಚೀಚೆ ಆಗುತ್ತದೆ, ಆದರೂ ಕಣ್ಣಂದಾಜಿಗಿಂತ ಮೇಲು. ಇಂಥ ಮರಿಗೆ ದಿನಕ್ಕೆ ತೂಕದ ನೂರಕ್ಕೆ ಎರಡರಿಂದ ಎರಡೂವರೆ ಪಾಲು ಒಣ ಲೆಕ್ಕದ ಆಹಾರ ಬೇಕು. ಅಂದರೆ ಆರೇಳು ಕೆ.ಜಿ. ಹಸಿ ಹುಲ್ಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುತ್ತದೆ. 20 ಕೆ.ಜಿ. ಹೊರೆ ಹಾಕಿದರೂ ಹೊಟ್ಟೆಗೆ ಹೋಗುವುದು ನಾಲ್ಕು ಕೆ.ಜಿ. ಈ ಲೆಕ್ಕವನ್ನು ಒಂದು ತಿಂಗಳು ಬರೆದಿಡಿ. ಮೇವಿನ ದುಡ್ಡು, ಗೊರಸು ಕೆತ್ತಿಸುವ ದುಡ್ಡು, ಜಂತಿನ ಔಷಧಿ, ಧನುರ್ವಾಯು ಲಸಿಕೆ. ಆಗ ಇಟ್ಟುಕೊಳ್ಳುವುದಕ್ಕೆ ಎಷ್ಟು ಬೀಳುತ್ತದೆ ಅನ್ನುವುದು ನಿಮ್ಮ ಊರಿನ ರೇಟಿನಲ್ಲೇ ಗೊತ್ತಾಗುತ್ತದೆ. ನಾನು ಇಲ್ಲಿ ಕೂತು ಹೇಳುವ ಅಂಕಿ ನಿಮಗೆ ಉಪಯೋಗಕ್ಕೆ ಬರಲ್ಲ.

ಗೊರಸು ಅಂದೆನಲ್ಲ. ಈಗ ಲಾಳ ಬೇಡ. ಆದರೆ ಆರರಿಂದ ಎಂಟು ವಾರಕ್ಕೊಮ್ಮೆ ಕೆತ್ತಿಸಲೇಬೇಕು. ಮೈಸೂರಿನ ರೇಸ್ ಕೋರ್ಸ್ ಕಡೆ ವಿಚಾರಿಸಿದರೆ ಲಾಳ ಹೊಡೆಯುವವರು ಸಿಗುತ್ತಾರೆ. ದಿನಾ ಅದೇ ಊರಿಗೆ ಹೋಗುತ್ತೀರಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ.

ಇಂಥ ಪತ್ರಗಳಲ್ಲಿ ಜನ ಕುದುರೆಯ ಬಗ್ಗೆ ಬರೆಯುತ್ತಾರೆ. ಬಣ್ಣ, ತಳಿ, ಎತ್ತರ, ಸುಳಿ, ಎಷ್ಟಕ್ಕೆ ಕೇಳಿದರು. ಮಾರಬೇಕೋ ಬೇಡವೋ ಅನ್ನುವುದು ಇವುಗಳಿಂದ ತೀರ್ಮಾನ ಆಗುವುದಿಲ್ಲ. ಮುಂದಿನ ಮೂರು ವರ್ಷ, ದಿನಾ, ಈ ಮರಿಯ ಜೊತೆ ನಿಂತು ಕೆಲಸ ಮಾಡುವವರು ಮನೆಯಲ್ಲಿ ಯಾರು? ನಾನು ಕೇಳುವುದು ಅದೊಂದೇ. ನಿಮ್ಮ ಪತ್ರದಲ್ಲಿ ಆ ಮನುಷ್ಯ ಇದ್ದರು. ಹೋದ ವರ್ಷ ತೀರಿಕೊಂಡರು.

ಬೇಸರ ಮಾಡಿಕೊಳ್ಳಬೇಡಿ, ನನ್ನದೇ ಕಥೆ ಹೇಳುತ್ತೇನೆ. ನನಗೆ ಆಗ ಮೂವತ್ತು ದಾಟಿತ್ತು. ಕುದುರೆ ವೈದ್ಯ ಅಂತ ಹೆಸರು ಬೇರೆ. ಚನ್ನಪಟ್ಟಣದ ಹತ್ತಿರ ನಮ್ಮ ಮಾವನ ತೋಟದಲ್ಲಿ ಒಂದು ಬಿಳಿ ಗಂಡು ಮರಿ ಸಾಕಿದೆ. ಭಾನುವಾರ ಹೋಗುವುದು, ಬೆಲ್ಲ ತಿನ್ನಿಸುವುದು, ಕತ್ತು ತಟ್ಟುವುದು, ವಾಪಸ್ ಬರುವುದು. ಮೂರು ವರ್ಷ ಹೀಗೇ ಹೋಯಿತು. ನಾಲ್ಕನೇ ವರ್ಷಕ್ಕೆ ಅದು 400 ಕೆ.ಜಿ. ಕುದುರೆ. ಕಾಲೆತ್ತಿ ಗೊರಸು ನೋಡಲು ಯಾರನ್ನೂ ಬಿಡುತ್ತಿರಲಿಲ್ಲ. ಜೀನು ಕಂಡರೆ ಗೋಡೆಗೆ ಒರಗಿಸಿ ಒದೆಯುತ್ತಿತ್ತು. ನನ್ನ ಎಡಗೈ ಮಣಿಕಟ್ಟು ಮುರಿದದ್ದು ಆಗಲೇ. ಕೊನೆಗೆ ಕೊಟ್ಟಾಗ ಎರಡು ವರ್ಷದಲ್ಲಿ ಬರುತ್ತಿದ್ದ ಬೆಲೆಯ ಅರ್ಧವೂ ಬರಲಿಲ್ಲ. ದುಡ್ಡು ಹೋಗಲಿ. ಆ ಕುದುರೆ ಕೆಟ್ಟದ್ದಲ್ಲ. ವಾರಕ್ಕೊಮ್ಮೆ ಬರುವ ಬೆಲ್ಲದ ಮನುಷ್ಯ ಅದನ್ನು ಕೆಡಿಸಿದ. ಪ್ರೀತಿ ಇತ್ತು, ಪಾಠ ಇರಲಿಲ್ಲ.

ನಿಮ್ಮ ಮರಿ ಕಚ್ಚುವುದೂ ಕಾಲೆತ್ತುವುದೂ ಅದೇ ದಾರಿಯ ಮೊದಲ ಮೈಲುಗಲ್ಲು. ಮಂದೆಯಲ್ಲಿ ಬೆಳೆದ ಮರಿಗೆ ಬೇರೆ ಮರಿಗಳು ಬುದ್ಧಿ ಕಲಿಸುತ್ತವೆ. ಕಚ್ಚಿದರೆ ತಿರುಗಿ ಕಚ್ಚುತ್ತವೆ, ಮೈಮೇಲೆ ಬಿದ್ದರೆ ಒದೆಯುತ್ತವೆ. ಒಂಟಿಯಾಗಿ ಬೆಳೆದದ್ದಕ್ಕೆ ಆಟಕ್ಕೆ ಸಿಗುವುದು ಮನುಷ್ಯರೇ. ಮುಂಗಾಲೆತ್ತುವುದು ಅದರ ಲೆಕ್ಕದಲ್ಲಿ ಕುಸ್ತಿಗೆ ಕರೆಯುವುದು. ನಿಮ್ಮ ಹೆಗಲ ಮೇಲೆ ಆ ಕಾಲು ಬಿದ್ದರೆ ಆಟ ಆಸ್ಪತ್ರೆಗೆ ಮುಟ್ಟುತ್ತದೆ. ಇವತ್ತಿನಿಂದ ಕೈಯಿಂದ ಬೆಲ್ಲ, ಕ್ಯಾರೆಟ್, ಬಿಸ್ಕತ್ತು ಏನೂ ಬೇಡ. ತಿನ್ನುವುದೆಲ್ಲ ಗೋದಲಿಯಲ್ಲಿ. ಮಗಳನ್ನು ಮರಿಯ ಹತ್ತಿರ ಒಬ್ಬಳನ್ನೇ ಬಿಡಬೇಡಿ.

ಬೀಜ ತೆಗೆಸುವ ವಿಷಯ. ನನ್ನ ಕೇಳಿದರೆ ತೆಗೆಸಿ, ಇಟ್ಟುಕೊಂಡರೂ ಸರಿ, ಮಾರಿದರೂ ಸರಿ. ಹೋರಿಗೆ ಮಾಡಿದ ಹಾಗೆ ಊರಲ್ಲಿ ಒಡೆಸಬೇಡಿ. ಇದು ಅರಿವಳಿಕೆ ಕೊಟ್ಟು ವೈದ್ಯರು ಮಾಡುವ ಆಪರೇಷನ್. ಬೆಂಗಳೂರಿನ ಹೆಬ್ಬಾಳದಲ್ಲಿ, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ನಿಮ್ಮ ತಾಲ್ಲೂಕಿನ ವೈದ್ಯರು ಕುದುರೆ ಕೆಲಸ ಮಾಡಿಲ್ಲ ಅಂದರೆ ಅಲ್ಲಿ ವಿಚಾರಿಸಿ. ಎರಡೂ ಬೀಜ ಕೆಳಗೆ ಇಳಿದಿವೆಯಾ ಅಂತ ಮೊದಲು ನೋಡಿಸಿ. ಒಂದು ಹೊಟ್ಟೆಯಲ್ಲೇ ಉಳಿದಿದ್ದರೆ ಅದು ದೊಡ್ಡ ಆಪರೇಷನ್. ಧನುರ್ವಾಯು ಲಸಿಕೆ ಇಲ್ಲದೆ ಚಾಕು ಮುಟ್ಟಿಸಬಾರದು. ನೊಣ ಕಡಿಮೆ ಇರುವ ಚಳಿಗಾಲ ಒಳ್ಳೆಯದು. ಆದ ಮೇಲೆ ದಿನಾ ನಡೆಸಬೇಕು, ಇಲ್ಲದಿದ್ದರೆ ಊದಿಕೊಳ್ಳುತ್ತದೆ. ಇನ್ನೊಂದು ಮಾತು: ಆಪರೇಷನ್ ಆದ ಮರುದಿನವೇ ತಾಯಿ ಜೊತೆ ಬಿಡಬೇಡಿ. ಕೆಲವು ವಾರ ಅದಕ್ಕೆ ಗಬ್ಬ ಕಟ್ಟಿಸುವ ಶಕ್ತಿ ಉಳಿದಿರುತ್ತದೆ. ಆರು ವಾರ ತಡೆಯಿರಿ.

ಬೀಜ ತೆಗೆಸಿದರೆ ಬೆಲೆ ಬೀಳುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಜ. ಜಾತ್ರೆಗಳಲ್ಲಿ, ಮಾರ್ವಾಡಿ ಕುದುರೆ ವ್ಯಾಪಾರದಲ್ಲಿ ಇಡೀ ಗಂಡಿಗೇ ಬೆಲೆ ಜಾಸ್ತಿ. ಆದರೆ ಆ ಬೆಲೆ ಮರಿ ಹುಟ್ಟಿಸುವ ಗಂಡಿಗೆ. ತಂದೆ ತಾಯಿ ಗೊತ್ತಿರಬೇಕು, ನೋಂದಣಿ ಇರಬೇಕು, ಮೈಕ್ರೋಚಿಪ್ ಇರಬೇಕು, ಕಿವಿ ತುದಿ ಬಾಗಿ ಒಂದಕ್ಕೊಂದು ತಾಗಬೇಕು, ಎತ್ತರ 60 ಇಂಚು ದಾಟಬೇಕು. ನಿಮ್ಮದು ಬೆರಕೆ. ಇದನ್ನು ಗಂಡಾಗಿಯೇ ಇಟ್ಟರೆ ಸಿಗುವುದು ಬೆಲೆಯಲ್ಲ, ಗೋಡೆ ಒದೆಯುವ ಶಬ್ದ. ಸವಾರಿ ಶಾಲೆಯವರಿಗೆ ಬೇಕಾಗಿರುವುದು ಬೀಜ ತೆಗೆಸಿದ, ಹತ್ತು ಜನ ಮುಟ್ಟಿದರೂ ಸುಮ್ಮನಿರುವ ಕುದುರೆ.

ಮಗಳ ಮಾತಿಗೆ ಬರುತ್ತೇನೆ. ಸವಾರಿ ಗೊತ್ತಿಲ್ಲದ ಹುಡುಗಿ, ಸವಾರಿ ಗೊತ್ತಿಲ್ಲದ ಕುದುರೆ. ಇಬ್ಬರಲ್ಲಿ ಒಬ್ಬರಿಗಾದರೂ ಗೊತ್ತಿರಬೇಕಲ್ವಾ? ಈ ಮರಿಯ ಮೇಲೆ ಕೂರುವ ಮಾತು ಇನ್ನೂ ಒಂದು ವರ್ಷ ಯಾರಿಗೂ ಇಲ್ಲ. ಎಳೆಯ ಎಲುಬಿನ ತುದಿಗಳಲ್ಲಿ ಬೆಳೆಯುವ ಮೆದು ಭಾಗ ಇರುತ್ತದೆ. ಕೆಳಗಿನ ಕಾಲಿನದ್ದು ಬೇಗ ಗಟ್ಟಿಯಾಗುತ್ತದೆ. ಮುಂಗಾಲಿನ ಮೊಣಕಾಲಿನ ಮೇಲಿನದ್ದು ಎರಡು, ಎರಡೂವರೆ ವರ್ಷಕ್ಕೆ. ಬೆನ್ನೆಲುಬಿನದ್ದು ಎಲ್ಲಕ್ಕಿಂತ ತಡ, ಐದು ವರ್ಷ ದಾಟುತ್ತದೆ. ಮೂರು ವರ್ಷಕ್ಕೆ ಹಗುರವಾದ ಸವಾರ, ಹತ್ತು ಹದಿನೈದು ನಿಮಿಷ, ಮೆಲ್ಲಗೆ ನಡಿಗೆ. ನಾಲ್ಕಕ್ಕೆ ನಿಜವಾದ ಕೆಲಸ. 'ರೇಸ್ ಕುದುರೆ ಎರಡು ವರ್ಷಕ್ಕೇ ಓಡುತ್ತವಲ್ಲ' ಅಂತ ಯಾರಾದರೂ ಕೇಳುತ್ತಾರೆ. ಓಡುತ್ತವೆ. 50-60 ಕೆ.ಜಿ.ಯ ಜಾಕಿ, ಒಂದೆರಡು ನಿಮಿಷದ ಓಟ, ಪಕ್ಕದಲ್ಲೇ ವೈದ್ಯರು. ಆದರೂ ಎಷ್ಟೋ ಕುದುರೆಗಳ ಕಾಲು ಬೇಗ ಕೈಕೊಡುತ್ತದೆ. ಅದನ್ನು ನಾವು ಮಾದರಿ ಮಾಡಿಕೊಳ್ಳಬೇಕಾಗಿಲ್ಲ.

ಮಗಳು ಕಲಿಯಲಿ, ತಾಯಿ ಕುದುರೆ ಮೇಲೆ. ಒಂಬತ್ತು ವರ್ಷ, ಸಾಧು, ಮನೆಯ ಕುದುರೆ. ಅದರ ಮೇಲೆ ಮೊದಲು ಬಲ್ಲವರು ಕೂತು ನೋಡಬೇಕು, ಮಗಳಿಗೆ ಹೆಲ್ಮೆಟ್ ಇರಬೇಕು, ಪಕ್ಕದಲ್ಲಿ ಕಲಿಸುವವರಿರಬೇಕು. ಗಬ್ಬ ಇದ್ದರೆ ಎಷ್ಟು ದಿನ ಸವಾರಿ ಮಾಡಬಹುದು ಅಂತ ವೈದ್ಯರನ್ನು ಕೇಳಿ. ನೀವು ಹುಡುಕುತ್ತಿರುವ ಮಕ್ಕಳ ಕುದುರೆ ಮನೆಯಲ್ಲೇ ಇದೆ. ಎಲ್ಲರ ಕಣ್ಣೂ ಮರಿಯ ಮೇಲೆ ಇರುವುದರಿಂದ ಅದು ಕಂಡಿಲ್ಲ ಅಷ್ಟೇ.

ಈ ಇಬ್ಬರು ಗಿರಾಕಿಗಳು. ಮದುವೆಯವರು 1.80 ಲಕ್ಷ ಕೊಡುವುದು ಯಾತಕ್ಕೆ? ನಾಲ್ಕು ಕಾಲು ಬಿಳಿ, ಮುಖದಲ್ಲಿ ಬಿಳಿ, ಪಂಚಕಲ್ಯಾಣಿ. ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಅವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಅವರಲ್ಲಿ ಕುದುರೆಯನ್ನು ಮಕ್ಕಳಿಗಿಂತ ಚೆನ್ನಾಗಿ ನೋಡಿಕೊಳ್ಳುವವರಿದ್ದಾರೆ. ಆದರೆ ಒಂದು ಪ್ರಶ್ನೆ ಕೇಳಿ: 'ಯಾವಾಗಿನಿಂದ ಕೆಲಸಕ್ಕೆ ಹಾಕುತ್ತೀರಿ?' ಬರುವ ಸೀಸನ್‌ಗೆ ಅಂದರೆ ಕೊಡಬೇಡಿ. 80 ಕೆ.ಜಿ. ಮದುಮಗ, ಅದರ ಮೇಲೆ ಅಲಂಕಾರ, ಬ್ಯಾಂಡು, ಪಟಾಕಿ, ಜನರೇಟರ್ ಬೆಳಕು, ಡಾಂಬರು ರಸ್ತೆಯಲ್ಲಿ ಗಂಟೆಗಟ್ಟಲೆ ನಿಲ್ಲುವುದು. 22 ತಿಂಗಳ ಮರಿ ಇದಕ್ಕೆ ತಯಾರಿಲ್ಲ. ತಯಾರು ಮಾಡುವ ಅಡ್ಡದಾರಿ ಅಂದರೆ ಗಟ್ಟಿ ಕಡಿವಾಣ, ಮುಳ್ಳಿನ ಕಡಿವಾಣ, ಇಲ್ಲವೇ ಮಂಪರು ಔಷಧಿ.

'ಮೂರು ವರ್ಷ ಆಗಿದೆ ಬಿಡಿ' ಅಂತ ಅವರೇ ಹೇಳಬಹುದು. ತುಟಿ ಎತ್ತಿ ಹಲ್ಲು ತೋರಿಸಿ. ಎಳೆಯದರ ಮುಂಬಲ್ಲುಗಳೆಲ್ಲ ಹಾಲುಹಲ್ಲು: ಬಿಳಿ, ಚಿಕ್ಕವು, ಬುಡದಲ್ಲಿ ಸಣ್ಣ. ನಡುವಿನ ಜೋಡಿ ಬೀಳುವುದು ಎರಡೂವರೆ ವರ್ಷಕ್ಕೆ, ಅದರ ಪಕ್ಕದ್ದು ಮೂರೂವರೆಗೆ, ಕೊನೆಯ ಜೋಡಿ ನಾಲ್ಕೂವರೆಗೆ. ಐದಕ್ಕೆ, ಎತ್ತಿಗೆ ಹೇಳುತ್ತೀವಲ್ಲ, ಬಾಯಿಗೂಡುತ್ತದೆ. ನಿಮ್ಮದರ ಬಾಯಲ್ಲಿ ಇನ್ನೂ ಒಂದು ಹಲ್ಲೂ ಬಿದ್ದಿರುವುದಿಲ್ಲ. ವ್ಯಾಪಾರದಲ್ಲಿ ಬಾಯಿ ಸುಳ್ಳು ಹೇಳುತ್ತದೆ, ಹಲ್ಲು ಹೇಳುವುದಿಲ್ಲ.

ಸವಾರಿ ಶಾಲೆಯವರು 70,000 ಕಡಿಮೆ ಹೇಳಿದ್ದಾರೆ. ಅವರ ಜಾಗಕ್ಕೆ ಹೇಳದೆ ಕೇಳದೆ ಒಂದು ಬೆಳಿಗ್ಗೆ ಹೋಗಿ ಬನ್ನಿ. ಲಾಯ ನೋಡಬೇಡಿ, ಕುದುರೆಗಳನ್ನು ನೋಡಿ. ಜೀನು ಕೂರುವ ಬೆನ್ನಿನ ಮೇಲೆ ಹುಣ್ಣಿನ ಬಿಳಿ ಗುರುತು ಇವೆಯಾ, ಬಾಯಿಯ ಮೂಲೆ ಹರಿದಿದೆಯಾ, ಮನುಷ್ಯ ಹತ್ತಿರ ಹೋದರೆ ಕಿವಿ ಹಿಂದಕ್ಕೆ ಹೋಗುತ್ತದಾ, ಮುಂದಕ್ಕೆ ಬರುತ್ತದಾ. ಅವರಲ್ಲಿ ಹದಿನೆಂಟು ಇಪ್ಪತ್ತು ವರ್ಷದ ಮುದಿ ಕುದುರೆ ಒಂದಾದರೂ ಇದೆಯಾ ಅಂತ ಕೇಳಿ. ಇದ್ದರೆ ಅದು ಒಳ್ಳೆಯ ಮನೆ. ಕುದುರೆ 25 ವರ್ಷ ಬದುಕುವ ಪ್ರಾಣಿ, ಕೆಲವು ಮೂವತ್ತಕ್ಕೂ ಹೋಗುತ್ತವೆ. ಕೆಲಸ ಮುಗಿದ ಮೇಲೆ ಅವೆಲ್ಲ ಎಲ್ಲಿ ಹೋಗುತ್ತವೆ ಅನ್ನುವುದೇ ಆ ಜಾಗದ ಗುಣ.

ಸುಳಿಯ ಬಗ್ಗೆ ಜಾಸ್ತಿ ಬರೆಯಲ್ಲ. ಕಣ್ಣಿನ ಕೆಳಗಿನ ಸುಳಿ ಅಪಶಕುನ ಅನ್ನುವ ನಂಬಿಕೆ ರಾಜಸ್ಥಾನದಿಂದ ನಮ್ಮವರೆಗೂ ಇದೆ. ಅದು ಕೂದಲು ಬೆಳೆದ ದಿಕ್ಕು ಅಷ್ಟೇ. ಆದರೆ ಜಾತ್ರೆಯಲ್ಲಿ ಇದನ್ನೇ ಹಿಡಿದು ಬೆಲೆ ಇಳಿಸುತ್ತಾರೆ, ಅದು ಗೊತ್ತಿರಲಿ. ಪಕ್ಕದ ತೋಟದವರಿಗೆ ಮರಿ ಕೊಳ್ಳುವ ಆಸೆ ಏನಾದರೂ ಇದೆಯಾ? ಸುಮ್ನೆ ಕೇಳಿದೆ.

ಹಾಗಾದರೆ ತೀರ್ಮಾನ ಹೇಗೆ? ಒಂದು ಗೋಡೆ ಕ್ಯಾಲೆಂಡರ್ ತನ್ನಿ. ಲಾಯದ ಕಂಬಕ್ಕೆ ತೂಗುಹಾಕಿ. ಇವತ್ತಿನಿಂದ 60 ದಿನ. ಮರಿಯ ಜೊತೆ 20 ನಿಮಿಷ ಕೆಲಸ ಮಾಡಿದ ದಿನ ಮಾತ್ರ ಒಂದು ಗೀಟು. ಮೇವು ಹಾಕಿದ್ದಕ್ಕೆ ಗೀಟು ಇಲ್ಲ, ಕತ್ತು ತಟ್ಟಿದ್ದಕ್ಕೂ ಇಲ್ಲ. ಕೆಲಸ ಅಂದರೆ ದೊಡ್ಡದೇನಲ್ಲ. ಹಾಲ್ಟರ್, ಅಂದರೆ ತಲೆಗೆ ಕಟ್ಟುವ ಪಟ್ಟಿ, ಹಾಕಿಸಿಕೊಳ್ಳುವುದು. ಹೆಗಲ ಪಕ್ಕದಲ್ಲಿ ನಡೆಯುವುದು, ಎಳೆಯದೆ, ನುಗ್ಗದೆ. ನಿಲ್ಲು ಅಂದರೆ ನಿಲ್ಲುವುದು. ಹಿಂದೆ ಸರಿ ಅಂದರೆ ಎರಡು ಹೆಜ್ಜೆ ಹಿಂದೆ. ನಾಲ್ಕು ಕಾಲನ್ನೂ ಒಂದೊಂದಾಗಿ ಎತ್ತಿಸಿಕೊಳ್ಳುವುದು. ಕಂಬಕ್ಕೆ ಕಟ್ಟಿದರೆ ಹತ್ತು ನಿಮಿಷ ಸುಮ್ಮನೆ ನಿಲ್ಲುವುದು. ಟ್ರ್ಯಾಕ್ಟರ್ ಪಕ್ಕದಲ್ಲಿ ಹಾದುಹೋಗುವುದು. ಉದ್ದ ಹಗ್ಗದಲ್ಲಿ ಗರಗರ ಸುತ್ತು ಹೊಡೆಸಬೇಡಿ, ಎಳೆಯ ಕೀಲುಗಳಿಗೆ ಅದು ಒಳ್ಳೆಯದಲ್ಲ, ಈಗ ಬಿಗಿ ನಡಿಗೆ ಇರುವಾಗಲಂತೂ ಬೇಡ. ಮೊದಲ ವಾರ ಗೊತ್ತಿರುವವರೊಬ್ಬರನ್ನು ದುಡ್ಡು ಕೊಟ್ಟಾದರೂ ಕರೆಸಿ, ನೋಡಿ ಕಲಿಯಿರಿ. ಕಚ್ಚುವ ಗಂಡು ಮರಿಯ ಹತ್ತಿರ ಪುಸ್ತಕ ಓದಿ ಹೋಗಬಾರದು. ನಡುವೆ ಆಪರೇಷನ್ ಆದರೆ ಆ ದಿನಗಳಲ್ಲಿ ನಡೆಸುವುದೇ ಕೆಲಸ, ಅದಕ್ಕೂ ಗೀಟು.

60 ದಿನ ಆದ ಮೇಲೆ ಎಣಿಸಿ. 45 ದಾಟಿದ್ದರೆ ನನ್ನ ಹತ್ತಿರ ಕೇಳಬೇಡಿ, ಇಟ್ಟುಕೊಳ್ಳಿ. ಅಷ್ಟರಲ್ಲಿ ಮರಿಯೂ ಬದಲಾಗಿರುತ್ತದೆ, ನೀವೂ. 30ಕ್ಕಿಂತ ಕಡಿಮೆ ಇದ್ದರೆ ಮಾರಿ. ಅದರ ನಡುವೆ ಇದ್ದರೆ, ಯಾರು ಹಾಕಿದ ಗೀಟುಗಳು ಅಂತ ನೋಡಿ. ನಿಮ್ಮ ಹೆಂಡತಿಯೋ ತಮ್ಮನೋ ಹಾಕಿದ್ದರೆ ಈ ಪತ್ರ ಅವರು ಬರೆಯಬೇಕಿತ್ತು. ಸಂಖ್ಯೆ ನನ್ನ ಅನುಭವದ ಅಂದಾಜು, ಶಾಸ್ತ್ರವಲ್ಲ. ಆದರೆ ಕ್ಯಾಲೆಂಡರ್ ಮುಂದೆ ನಿಂತಾಗ 'ಟೈಮ್ ಮಾಡ್ಕೋತೀನಿ' ಅನ್ನುವ ಮಾತಿಗೆ ಜಾಗ ಇರುವುದಿಲ್ಲ. 1.80 ಲಕ್ಷ ಹೋಗಿಬಿಡುತ್ತದೆ ಅಂತ ಹೆದರಬೇಡಿ. ನಾಲ್ಕು ಕಾಲು ಎತ್ತಿಸಿಕೊಳ್ಳುವ, ಕಚ್ಚದ, ಹಗ್ಗಕ್ಕೆ ಬಗ್ಗುವ ಪಂಚಕಲ್ಯಾಣಿಗೆ ಎರಡು ತಿಂಗಳ ನಂತರವೂ ಗಿರಾಕಿ ಇರುತ್ತಾರೆ.

ನನ್ನ ಊಹೆ ಏನು ಅಂತ ಕೇಳಿದರೆ, ನೀವು ಮಾರುತ್ತೀರಿ. ಬೆಳಿಗ್ಗೆ ಮೈಸೂರಿಗೆ ಹೊರಟು ರಾತ್ರಿ ಬರುವವರು ಎರಡು ವರ್ಷದ ಗಂಡನ್ನು ತಿದ್ದಿದ್ದು ನಾನು ಹೆಚ್ಚು ಕಂಡಿಲ್ಲ. ಅದರಲ್ಲಿ ಅವಮಾನ ಏನೂ ಇಲ್ಲ. ಕುಣಿಗಲ್ ಸ್ಟಡ್ ಫಾರಂ ಟಿಪ್ಪು ಕಾಲದ್ದು. ಕುದುರೆ ಸಾಕುವುದನ್ನು ಅಲ್ಲಿಯವರಿಗಿಂತ ಬಲ್ಲವರು ನಮ್ಮಲ್ಲಿ ಯಾರಿದ್ದಾರೆ? ಅಲ್ಲಿ ಹುಟ್ಟಿದ ಮರಿಗಳೂ ಬೆಳೆದು ಬೇರೆಯವರ ಕೈಗೇ ಹೋಗುತ್ತವೆ. ಮರಿ ಹುಟ್ಟಿಸುವವರು ಬೇರೆ, ತಿದ್ದುವವರು ಬೇರೆ, ಏರುವವರು ಬೇರೆ. ನಿಮ್ಮ ಅಪ್ಪ ಮೂರೂ ಆಗಿದ್ದರೇನೋ. ನೀವು ಆಗಲೇಬೇಕು ಅಂತ ಅವರು ಹೇಳಿ ಹೋಗಿಲ್ಲವಲ್ಲ.

ಮಾರುವುದಾದರೆ ಎರಡು ಕೆಲಸ ಬಿಡಬೇಡಿ. ಪಶುಸಂಗೋಪನೆ ಇಲಾಖೆಯ ಮೂಲಕ ಗ್ಲಾಂಡರ್ಸ್ ರಕ್ತಪರೀಕ್ಷೆ ಮಾಡಿಸಿ. ಹರಿಯಾಣದ ಹಿಸಾರ್‌ನಲ್ಲಿ ಕುದುರೆಗಳಿಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ, ಇಂಥ ಪರೀಕ್ಷೆ ಅಲ್ಲಿ ಆಗುತ್ತದೆ. ಗ್ಲಾಂಡರ್ಸ್ ಮನುಷ್ಯರಿಗೂ ಅಂಟುವ ರೋಗ. 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕು, ಬಂದ ಕುದುರೆಯನ್ನು ಉಳಿಸಿಕೊಳ್ಳುವಂತಿಲ್ಲ. ರಿಪೋರ್ಟ್ ಕೈಯಲ್ಲಿದ್ದರೆ ಕೊಳ್ಳುವವರಿಗೂ ಧೈರ್ಯ. ಎರಡನೆಯದು, ಕಚ್ಚುತ್ತಿತ್ತು, ಬಿಗಿಯಾಗಿ ನಡೆಯುತ್ತಿತ್ತು ಅನ್ನುವುದನ್ನು ಬರೆದು ಸಹಿ ಹಾಕಿ ಕೊಡಿ. ಬೆಲೆ ಹತ್ತು ಸಾವಿರ ಇಳಿಯಬಹುದು. ಗೊತ್ತಿಲ್ಲದೆ ಕೊಂಡವರು ಮೊದಲ ಕಚ್ಚಿಗೇ ಕೋಲು ಎತ್ತುತ್ತಾರೆ. ಆ ಏಟು ತಿನ್ನುವುದು ಮರಿ.

ಮಗಳಿಗೆ ಮಾರುವ ದಿನ ಹೇಳಬೇಡಿ, ಇವತ್ತೇ ಹೇಳಿ. ಕ್ಯಾಲೆಂಡರ್ ತೂಗುಹಾಕುವಾಗ ಅವಳನ್ನೂ ಕರೆಯಿರಿ. ಗೀಟು ಎಣಿಸುವ ಕೆಲಸ ಅವಳದೇ ಆಗಲಿ.

ತಾಯಿಯ ಸ್ಕ್ಯಾನಿಂಗ್ ಏನಾಯಿತು ಅಂತ ಬರೆಯಿರಿ. ಮರಿಯ ಹಲ್ಲಿನದ್ದೊಂದು, ಪಕ್ಕದಿಂದ ಮುಖದ್ದೊಂದು ಫೋಟೋ ಕಳಿಸಿ. ಕೆನ್ನೆಯ ಮೂಳೆ ಊದಿದೆಯಾ ಅಂತ ನೋಡಬೇಕು.